ಚಕ್ರ ಮುರಿದದ್ದು ಇಳಿಯುವಾಗ, ಬಿರುಕು ಬಿಟ್ಟದ್ದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಬೈಪ್ಲೇನ್‌ಗಳ, ಅಂದರೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇರುವ ವಿಮಾನಗಳ ಬಗ್ಗೆ, ಅದರಲ್ಲೂ ಅವು ಇಳಿಯುವಾಗ ಆಗುವ ಅಪಘಾತಗಳ ಬಗ್ಗೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮನೆಯವರೆಲ್ಲ ಸೇರಿ ಒಂದು ಏರ್ ಶೋ ನೋಡಲು ಹೋಗಿದ್ದೆವು. ಎರಡು ಅಂತಸ್ತಿನ ರೆಕ್ಕೆ ಇರುವ ಹಳೆಯ ವಿಮಾನವೊಂದು ಹುಲ್ಲಿನ ಮೇಲೆ ತುಂಬಾ ಚೆನ್ನಾಗಿ ಇಳಿಯಿತು. ಸ್ವಲ್ಪ ದೂರ ಓಡಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಡಗಡೆ ಕುಸಿಯಿತು, ಕೆಳಗಿನ ರೆಕ್ಕೆ ನೆಲಕ್ಕೆ ತಾಗಿತು, ವಿಮಾನ ಗಿರ್ರನೆ ತಿರುಗಿ ಬಾಲ ಎತ್ತಿಕೊಂಡು ಮಗುಚಿ ಬಿತ್ತು. ಒಳಗಿದ್ದ ಇಬ್ಬರೂ ತಾವೇ ಹೊರಗೆ ಬಂದರು, ದೇವರು ದೊಡ್ಡವನು. ಐದು ನಿಮಿಷದಲ್ಲಿ ಮೈಕಿನಲ್ಲಿ ಯಾಂತ್ರಿಕ ದೋಷ ಅಂತ ಹೇಳಿ ಮುಗಿಸಿದರು. ಅಷ್ಟು ನಿಧಾನಕ್ಕೆ ಓಡುತ್ತಿದ್ದ ವಿಮಾನವನ್ನು ಪೈಲಟ್ ಹಿಡಿದು ನಿಲ್ಲಿಸಬಹುದಿತ್ತಲ್ವಾ? ದೋಷ ಅಂದರೆ ಇಲ್ಲಿ ಏನಾಗಿರಬಹುದು?

ಉತ್ತರ: ನಿಧಾನಕ್ಕೆ ಓಡುತ್ತಿತ್ತು ಅಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು ಬಾಲದಲ್ಲಿರುವ ರಡ್ಡರ್. ಅದರ ಮೇಲೆ ಗಾಳಿ ಜೋರಾಗಿ ಹರಿದರೆ ಮಾತ್ರ ಅದಕ್ಕೆ ಬಲ. ಇಳಿದ ಮೇಲೆ ವೇಗ ಕಡಿಮೆಯಾಗುತ್ತಾ ಹೋದ ಹಾಗೆ ರಡ್ಡರ್ ಮಾತು ಕೇಳುವುದೂ ಕಡಿಮೆಯಾಗುತ್ತದೆ. ನೋಡುವವರಿಗೆ ‘ಇಳಿದಾಯ್ತು, ಇನ್ನೇನು ನಿಂತೇಬಿಡ್ತು’ ಅನ್ನಿಸುವ ಆ ಹೊತ್ತಿನಲ್ಲಿ ಪೈಲಟ್‌ನ ಎರಡೂ ಕಾಲು ರಡ್ಡರ್ ತಿರುಗಿಸುವ ಪೆಡಲ್ ಮೇಲೆ ಬಿಡುವಿಲ್ಲದೆ ಕುಣಿಯುತ್ತಿರುತ್ತವೆ. ಮೂತಿ ಮೇಲಕ್ಕೆ ಎದ್ದಿರುವುದರಿಂದ ಎದುರಿಗೆ ಏನೂ ಕಾಣಿಸುವುದಿಲ್ಲ. ಎಡಗಡೆ ಬಲಗಡೆ ಹುಲ್ಲಿನ ಅಂಚು ನೋಡಿಕೊಂಡೇ ನೆಟ್ಟಗೆ ಓಡಿಸಬೇಕು.

ಇನ್ನೊಂದು ವಿಷಯ ಚಕ್ರಗಳ ಜಾಗ. ಈಗಿನ ಹೆಚ್ಚಿನ ವಿಮಾನಗಳಿಗೆ ಮೂತಿಯ ಕೆಳಗೊಂದು ಚಕ್ರ ಇರುತ್ತದೆ. ಹಳೆಯ ಬೈಪ್ಲೇನ್‌ಗೆ ಎರಡು ದೊಡ್ಡ ಚಕ್ರ ಮುಂದೆ, ಬಾಲದಲ್ಲಿ ಒಂದು ಪುಟ್ಟ ಚಕ್ರ, ಇಲ್ಲವೇ ಬರೀ ಒಂದು ಕಬ್ಬಿಣದ ಗೂಟ. ಇದರಿಂದ ವಿಮಾನದ ತೂಕದ ಕೇಂದ್ರ ದೊಡ್ಡ ಚಕ್ರಗಳ ಹಿಂದೆ ಬೀಳುತ್ತದೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ಬಿಟ್ಟು ನೋಡಿ, ನಾಲ್ಕು ಮಾರು ಹೋಗುವುದರೊಳಗೆ ಅದು ಗಿರಕಿ ಹೊಡೆದಿರುತ್ತದೆ. ಇಲ್ಲೂ ಅದೇ ಆಗುವುದು. ಮೂತಿ ಸ್ವಲ್ಪ ಎಡಕ್ಕೆ ವಾಲಿದರೆ ಹಿಂದಿನ ತೂಕ ಅದನ್ನು ಸರಿಮಾಡುವ ಬದಲು ಇನ್ನಷ್ಟು ಎಡಕ್ಕೇ ತಳ್ಳುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಅಂತಾರೆ. ಶುರುವಾದ ಕ್ಷಣದಲ್ಲೇ ಎದುರು ಪೆಡಲ್ ಒತ್ತಿದರೆ ಉಳಿಯಿತು. ತಡವಾದರೆ ಮುಗಿಯಿತು. ಎಲ್ಲ ಸರಿಯಿರುವ ವಿಮಾನಕ್ಕೇ ಈ ಪಾಡು. ಒಂದು ಕಡೆಯ ಚಕ್ರದ ಅಚ್ಚು ಮುರಿದು, ಆ ಕಡೆಯ ರೆಕ್ಕೆ ನೆಲ ಕೆರೆಯುತ್ತಿರುವಾಗ ಮನುಷ್ಯನ ಕಾಲಿಗೆ ಮಾಡೋಕೆ ಏನೂ ಉಳಿದಿರುವುದಿಲ್ಲ. ಆ ಪೈಲಟ್ ಬಗ್ಗೆ ತಪ್ಪು ತಿಳಿಯಬೇಡಿ.

ಇನ್ನು ಏನು ಮುರಿದಿರಬಹುದು ಅನ್ನುವುದು. ನೀವು ಹೇಳಿದ ರೀತಿ ನೋಡಿದರೆ, ಅಂದರೆ ಚೆನ್ನಾಗಿ ಇಳಿದು ಸ್ವಲ್ಪ ಓಡಿದ ಮೇಲೆ ಒಂದು ಕಡೆ ಕುಸಿದದ್ದು ನೋಡಿದರೆ, ಚಕ್ರದ ಅಚ್ಚು, ಅದನ್ನು ಹಿಡಿದಿರುವ ಕಾಲು, ಆ ಕಾಲನ್ನು ವಿಮಾನದ ಒಡಲಿಗೆ ಸೇರಿಸುವ ಬೋಲ್ಟು ಅಥವಾ ಬೆಸುಗೆ, ಇವುಗಳಲ್ಲಿ ಒಂದು ಇರಬೇಕು. ಚಕ್ರದ ಬೇರಿಂಗ್ ಅಥವಾ ಒಂದು ಬದಿಯ ಬ್ರೇಕ್ ಬಿಗಿದುಕೊಂಡರೂ ವಿಮಾನ ತಿರುಗುತ್ತದೆ, ಆದರೆ ಆಗ ಅದು ಎಡಕ್ಕೆ ತಿರುಗುವಾಗ ಸಾಮಾನ್ಯವಾಗಿ ಬಲಗಡೆಯ ರೆಕ್ಕೆ ನೆಲಕ್ಕೆ ಬಡಿಯುತ್ತದೆ. ನೀವು ನೋಡಿದ್ದು ಎಡಗಡೆಯೇ ಮೊದಲು ಕುಸಿದದ್ದು.

ಮುರಿದ ಆ ಉಕ್ಕಿನ ತುಂಡನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ನೋಡಿದರೆ ಬಹಳಷ್ಟು ಸಲ ಎರಡು ಬಣ್ಣ ಕಾಣಿಸುತ್ತದೆ. ಒಂದು ಮೂಲೆಯಲ್ಲಿ ಉಗುರಿನಷ್ಟು ಜಾಗ ಕಪ್ಪಗೆ, ನುಣ್ಣಗೆ, ಅದರಲ್ಲಿ ಬಿಲ್ಲಿನ ಹಾಗೆ ಬಾಗಿದ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಉಳಿದ ಜಾಗವೆಲ್ಲ ಹೊಸದಾಗಿ ಹೊಳೆಯುವ ಒರಟು ಕಾಳು ಕಾಳು. ಆ ಹೊಳೆಯುವ ಭಾಗ ಮುರಿದದ್ದು ಅವತ್ತು. ಕಪ್ಪಾದ ಭಾಗ ಬಿರುಕು ಬಿಟ್ಟದ್ದು ಯಾವಾಗಲೋ, ಪ್ರತಿ ಸಲ ಇಳಿದಾಗಲೂ ಕೂದಲೆಳೆಯಷ್ಟು ಮುಂದೆ ಹೋಗಿದೆ, ಒಳಗೆ ಗಾಳಿ ತೇವ ಹೋಗಿ ಕಪ್ಪಾಗಿದೆ. ಎಂಜಿನಿಯರುಗಳು ಇದಕ್ಕೆ ಲೋಹದ ದಣಿವು ಅಂತಾರೆ. ಉಳಿದಿದ್ದ ಒಳ್ಳೆಯ ಉಕ್ಕು ಕೊನೆಯ ಭಾರ ತಡೆಯಲಾರದೆ ಹೋದ ದಿನ ನೀವು ಬೇಲಿಯ ಪಕ್ಕ ನಿಂತಿದ್ದಿರಿ.

ಹಾಗಾಗಿ ಮೈಕಿನಲ್ಲಿ ಹೇಳಿದ್ದು ಸುಳ್ಳಲ್ಲದಿದ್ದರೂ ಅಲ್ಲಿಗೆ ಮಾತು ಮುಗಿಯುವುದಿಲ್ಲ. ಬಿರುಕು ಎಲ್ಲಿ ಶುರುವಾಯಿತು? ಬೋಲ್ಟಿನ ಥ್ರೆಡ್‌ನ ಬುಡದಲ್ಲೋ, ಬೆಸುಗೆಯ ಅಂಚಿನಲ್ಲೋ, ತುಕ್ಕು ತಿಂದ ಸಣ್ಣ ಗುಂಡಿಯಲ್ಲೋ, ಯಾರೋ ಸ್ಪ್ಯಾನರ್ ಜಾರಿಸಿ ಮಾಡಿದ ಗೀರಿನಲ್ಲೋ? ಅದು ಬಣ್ಣದ ಅಡಿಯಲ್ಲಿತ್ತೋ, ಹೊದಿಕೆಯ ಒಳಗಿತ್ತೋ? ಹಿಂದೊಮ್ಮೆ ಈ ವಿಮಾನ ಜೋರಾಗಿ ಕುಕ್ಕರಿಸಿ ಇಳಿದದ್ದು ಲಾಗ್ ಬುಕ್ಕಿನಲ್ಲಿ ಇದೆಯೋ ಇಲ್ಲವೋ? ಇವತ್ತಿಗೂ ಹಾರುತ್ತಿರುವ ಬೈಪ್ಲೇನ್‌ಗಳಲ್ಲಿ ಬಹಳಷ್ಟು ಟೈಗರ್ ಮಾತ್ ಮತ್ತು ಬೋಯಿಂಗ್ ಸ್ಟಿಯರ್‌ಮನ್. ಎರಡೂ 1930ರ ದಶಕದ ವಿನ್ಯಾಸ, ಎರಡೂ 8000ಕ್ಕಿಂತ ಹೆಚ್ಚು ತಯಾರಾದವು. ಎರಡೂ ಹುಟ್ಟಿದ್ದು ಸೇನೆಯ ಹೊಸ ಹುಡುಗರಿಗೆ ಹಾರಾಟ ಕಲಿಸಲು. ಕಲಿಯುವವರ ಕೈಯಲ್ಲಿ ಎಷ್ಟು ಸಲ ಎತ್ತಿ ಕುಕ್ಕಿಸಿಕೊಂಡಿರುತ್ತವೋ ಯೋಚಿಸಿ. ಅದೆಲ್ಲ ಬರೆದಿಟ್ಟಿರುತ್ತಾರೆ ಅಂತ ನಂಬೋಕಾಗಲ್ಲ. ಉಕ್ಕಿನಲ್ಲಿ ಮಾತ್ರ ಅದು ಉಳಿದಿರುತ್ತದೆ.

ಪ್ರಶ್ನೆ: ತನಿಖೆ ಅಂತ ತಿಂಗಳುಗಟ್ಟಲೆ ಎಳೆಯುತ್ತಾರೆ. ಮುರಿದದ್ದು ಕಣ್ಣಿಗೆ ಕಾಣುತ್ತಿರುವಾಗ ಇಷ್ಟು ಸಮಯ ಯಾಕೆ? ಕೊನೆಗೂ ಯಾರಿಗೂ ಶಿಕ್ಷೆ ಆಗುವುದಿಲ್ಲ.

ಉತ್ತರ: ಶಿಕ್ಷೆ ಕೊಡಿಸುವುದು ಆ ತನಿಖೆಯ ಕೆಲಸವೇ ಅಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಇದನ್ನು ಬಿಡಿಸಿ ಹೇಳುತ್ತದೆ: ವಿಮಾನ ಅಪಘಾತದ ತನಿಖೆ ನಡೆಸುವುದು ಮತ್ತೆ ಅಂಥದ್ದು ಆಗದಿರಲಿ ಅಂತ, ಯಾರ ತಲೆಗೋ ಹೊಣೆ ಕಟ್ಟುವುದಕ್ಕಲ್ಲ. ಇದು ತುಂಬಾ ಒಳ್ಳೆಯ ನಿಯಮ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮೆಕ್ಯಾನಿಕ್ ಹೆದರಿಕೊಂಡು ಬಾಯಿ ಮುಚ್ಚಿಕೊಂಡರೆ ಅದೇ ಮಾದರಿಯ ಇನ್ನೊಂದು ವಿಮಾನದಲ್ಲಿ ಅದೇ ಬಿರುಕು ಬೆಳೆಯುತ್ತಾ ಇರುತ್ತದೆ, ಅಷ್ಟೇ.

ಸಮಯ ಹಿಡಿಯುವುದು ಯಾಕೆ ಅಂದರೆ, ಕಣ್ಣಿಗೆ ಕಾಣುವ ಮುರಿತಗಳಲ್ಲಿ ಯಾವುದು ಮೊದಲು ಆದದ್ದು, ಯಾವುದು ಮಗುಚಿ ಬಿದ್ದಾಗ ಆದದ್ದು ಅಂತ ಬೇರೆ ಮಾಡಬೇಕು. ಹುಲ್ಲಿನ ಮೇಲಿನ ಚಕ್ರದ ಗುರುತನ್ನು ಹಿಂದಕ್ಕೆ ಅಳೆದುಕೊಂಡು ಹೋಗುತ್ತಾರೆ. ಪ್ರೊಪೆಲ್ಲರ್ ನೋಡುತ್ತಾರೆ. ಮರದ ಪ್ರೊಪೆಲ್ಲರ್‌ನ ಎರಡೂ ತುದಿ ಚೂರುಚೂರಾಗಿ ದೂರ ಸಿಡಿದಿದ್ದರೆ ಎಂಜಿನ್ ತಿರುಗುತ್ತಿತ್ತು ಅಂತ, ಒಂದು ಅಲಗು ಗೀರೂ ಇಲ್ಲದೆ ಉಳಿದಿದ್ದರೆ ನಿಂತೇ ಹೋಗಿತ್ತು ಅಂತ ಮೊದಲ ಅಂದಾಜು ಸಿಗುತ್ತದೆ. ಮುರಿದ ತುಂಡು ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು. ಲಾಗ್ ಬುಕ್ಕುಗಳನ್ನು, ಎಲ್ಲ ಸಿಕ್ಕರೆ, ಮೊದಲ ಪುಟದಿಂದ ಓದಬೇಕು. ಅವಸರಕ್ಕೆ ಆಗುವ ಕೆಲಸ ಅಲ್ಲ ಇದು.

ಪ್ರಶ್ನೆ: ಯಂತ್ರ ಕೆಟ್ಟು ಬಿದ್ದ ಮೊದಲ ಬೈಪ್ಲೇನ್ ಯಾವುದು?

ಉತ್ತರ: ಮೊದಲನೆಯದು ಯಾವುದು ಅನ್ನುವುದಕ್ಕಿಂತ, ಎಂಜಿನ್ ಇರುವ ವಿಮಾನದಲ್ಲಿ ಮೊದಲ ಜೀವ ಹೋದ ಅಪಘಾತದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದೂ ಬೈಪ್ಲೇನ್, ಅದೂ ಯಂತ್ರದ್ದೇ ದೋಷ, ಅದೂ ಇಳಿಸಲು ಹೊರಟಾಗಲೇ ಆದದ್ದು. 1908ರ ಸೆಪ್ಟೆಂಬರ್ 17, ಅಮೆರಿಕದ ವರ್ಜೀನಿಯಾದ ಫೋರ್ಟ್ ಮಯರ್. ಸೇನೆಗೆ ತಮ್ಮ ವಿಮಾನ ತೋರಿಸಲು ಆರ್ವಿಲ್ ರೈಟ್ ಹಾರಿಸುತ್ತಿದ್ದರು, ಪಕ್ಕದಲ್ಲಿ ಸೇನೆಯ ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್, 26 ವರ್ಷದ ಹುಡುಗ. ಮೈದಾನದ ಮೇಲೆ ಸುತ್ತುತ್ತಿರುವಾಗ ಒಂದು ಪ್ರೊಪೆಲ್ಲರ್‌ನ ಅಲಗು ಉದ್ದಕ್ಕೆ ಸೀಳಿತು. ಹಿಂದಿನಿಂದ ಟಪ್ ಟಪ್ ಸದ್ದು ಕೇಳಿದ ಆರ್ವಿಲ್ ಎಂಜಿನ್ ಆರಿಸಿ ಗ್ಲೈಡ್ ಮಾಡಿ ಇಳಿಸೋಣ ಅಂತ ಹೊರಟರು. ಅಷ್ಟರಲ್ಲಿ ಅದುರುತ್ತಿದ್ದ ಅಲಗು ಹಿಂದಿನ ರಡ್ಡರ್ ಹಿಡಿದಿದ್ದ ತಂತಿಗೆ ಬಡಿದಾಗಿತ್ತು, ರಡ್ಡರ್ ಕೈಬಿಟ್ಟಿತ್ತು. ವಿಮಾನ ಮೂತಿ ಕೆಳಗೆ ಮಾಡಿಕೊಂಡು ಬಿತ್ತು. ಸೆಲ್ಫ್‌ರಿಜ್ ತಲೆಬುರುಡೆ ಒಡೆದು ಅವತ್ತೇ ತೀರಿಕೊಂಡರು. ಆರ್ವಿಲ್‌ಗೆ ತೊಡೆಯ ಮೂಳೆ, ಪಕ್ಕೆಲುಬು ಮುರಿದವು.

ನನಗೆ ಈ ಘಟನೆಯಲ್ಲಿ ಮುಖ್ಯ ಅನ್ನಿಸುವುದು ಆಮೇಲಿನ ಭಾಗ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಆರ್ವಿಲ್ ಮುರಿದ ಭಾಗಗಳನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹುಡುಕಿದರು. ಆ ಹಾರಾಟಕ್ಕೆ ಹಾಕಿದ್ದು ಹಿಂದಿನದಕ್ಕಿಂತ ಉದ್ದದ ಹೊಸ ಪ್ರೊಪೆಲ್ಲರ್. ಸೀಳಿದ್ದು ಒಂದು ಅಲಗು, ಜೀವ ತೆಗೆದದ್ದು ಅದು ಎಲ್ಲಿಗೆ ಬಡಿಯಿತು ಅನ್ನುವುದು. ಇವತ್ತಿನ ತನಿಖೆಗಾರರು ಮಾಡುವುದೂ ಇದೇ ಕೆಲಸವನ್ನೇ.

ಪ್ರಶ್ನೆ: ಎರಡೆರಡು ಮ್ಯಾಗ್ನೆಟೊ, ಒಂದೊಂದು ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್ ಇರುತ್ತದಂತೆ. ಆದರೂ ಹಳೆಯ ವಿಮಾನಗಳ ಎಂಜಿನ್ ಇಳಿಯುವ ಹೊತ್ತಿಗೆ ನಿಂತುಹೋಗುವುದು ಹೇಗೆ?

ಉತ್ತರ: ಮ್ಯಾಗ್ನೆಟೊ ಅಂದರೆ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಸಾಧನ. ಹಾಗಾಗಿ ಕಿಡಿಗೆ ಎರಡು ದಾರಿ ಇದೆ, ನಿಜ. ಆದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಒಂದೇ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಒಂದೇ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಟ ಹ್ಯಾರಿಸನ್ ಫೋರ್ಡ್ ಅವರದ್ದು. ಅವರು ಹಾರಿಸುತ್ತಿದ್ದ ರಯಾನ್ ಪಿಟಿ-22 ಬೈಪ್ಲೇನ್ ಅಲ್ಲ, ಒಂದೇ ಜೊತೆ ರೆಕ್ಕೆಯದ್ದು, ಆದರೆ ಅದೇ ಕಾಲದ ತರಬೇತಿ ವಿಮಾನ. 2015ರ ಮಾರ್ಚ್ 5ರಂದು ಸಾಂಟಾ ಮೋನಿಕಾದಲ್ಲಿ ಮೇಲೆದ್ದ ಸ್ವಲ್ಪ ಹೊತ್ತಿಗೆ ಎಂಜಿನ್ ಶಕ್ತಿ ಕಳೆದುಕೊಂಡಿತು. ವಾಪಸ್ ರನ್‌ವೇ ಮುಟ್ಟಲು ಆಗದೆ ಪಕ್ಕದ ಗಾಲ್ಫ್ ಮೈದಾನದಲ್ಲಿ ಇಳಿಸಿದರು, ಚೆನ್ನಾಗಿಯೇ ಪೆಟ್ಟಾಯಿತು. ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕಾರ್ಬುರೇಟರ್ ಬಿಚ್ಚಿ ನೋಡಿದಾಗ ಒಳಗಿನ ಮುಖ್ಯ ಜೆಟ್, ಅಂದರೆ ಪೆಟ್ರೋಲ್ ಅಳತೆಯಲ್ಲಿ ಬಿಡುವ ಪುಟ್ಟ ತಿರುಪು, ತಾನಾಗಿ ಸಡಿಲವಾಗಿ ತನ್ನ ಜಾಗದಿಂದ ಬಿಚ್ಚಿಕೊಂಡಿತ್ತು. ಪೆಟ್ರೋಲ್ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಹೋಗಿ ಎಂಜಿನ್ ಉಸಿರುಗಟ್ಟಿತು. ಆ ಜೆಟ್ ಅನ್ನು ಮಧ್ಯೆ ಮಧ್ಯೆ ತೆಗೆದು ನೋಡಿ ಅಂತ ಹೇಳುವ ಸೂಚನೆ ಕೈಪಿಡಿಯಲ್ಲಿ ಇರಲೇ ಇಲ್ಲ. ಭುಜದ ಬೆಲ್ಟನ್ನು ಸರಿಯಾದ ರೀತಿಯಲ್ಲಿ ಜೋಡಿಸಿರಲಿಲ್ಲ, ಪೆಟ್ಟು ಜಾಸ್ತಿಯಾಗಲು ಅದೂ ಒಂದು ಕಾರಣ ಅಂತ ವರದಿ ಹೇಳಿತು. ಅದನ್ನು ಹಾಕಿದವರು ಸುರಕ್ಷತೆಗೆಂದೇ ಹಾಕಿದ್ದರು.

ಇನ್ನೊಂದು ಕಾರಣ ಮುಖ್ಯವಾಗಿ ರೇಡಿಯಲ್ ಎಂಜಿನ್‌ಗಳದ್ದು, ಸ್ಟಿಯರ್‌ಮನ್‌ನಲ್ಲಿ ಇರುವಂಥದ್ದು. ಸಿಲಿಂಡರ್‌ಗಳು ವೃತ್ತಾಕಾರದಲ್ಲಿ ಸುತ್ತ ಇರುವುದರಿಂದ ಕೆಲವು ತಲೆಕೆಳಗಾಗಿ ಇರುತ್ತವೆ. ವಿಮಾನ ಸುಮ್ನೆ ನಿಂತಿರುವಾಗ ಎಣ್ಣೆ ಜಿನುಗಿ ಆ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಎಣ್ಣೆಯನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಆಗಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಹಾರುವ ಮುಂಚೆ ಸ್ವಿಚ್ ಆಫ್ ಇದೆ ಅಂತ ಖಚಿತ ಮಾಡಿಕೊಂಡು ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ಸುತ್ತಿಸುವುದು. ಗಟ್ಟಿಯಾಗಿ ತಡೆದರೆ ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಸುರಿಸಬೇಕು, ಬಲ ಹಾಕಿ ತಿರುಗಿಸಬಾರದು, ಹಿಂದಕ್ಕೆ ತಿರುಗಿಸಿ ಜಾರಿಕೊಳ್ಳಲೂಬಾರದು. ಬಾಗಿದ ರಾಡ್‌ನ ಕೆಟ್ಟ ಗುಣ ಏನೆಂದರೆ ಎಂಜಿನ್ ಅವತ್ತು ಚೆನ್ನಾಗಿಯೇ ಓಡುತ್ತದೆ. ಮುರಿಯುವುದು ಎಷ್ಟೋ ಗಂಟೆ ಹಾರಾಟದ ನಂತರ, ಆಗ ಸೀಟಿನಲ್ಲಿ ಬೇರೆ ಪೈಲಟ್ ಇರಬಹುದು.

ಎಂಜಿನ್ ನಿಂತರೆ ಬೈಪ್ಲೇನ್‌ಗೆ ಕಷ್ಟ ಎರಡು. ಎರಡು ಜೊತೆ ರೆಕ್ಕೆ, ಮಧ್ಯದ ಕಂಬಗಳು, ತಂತಿಗಳು ಎಲ್ಲ ಗಾಳಿಗೆ ಅಡ್ಡ. ಹಾಗಾಗಿ ಹೆಚ್ಚು ದೂರ ತೇಲುವುದಿಲ್ಲ, ಮೂತಿ ಕೆಳಗೆ ಮಾಡದಿದ್ದರೆ ವೇಗ ಬೇಗ ಸತ್ತುಹೋಗುತ್ತದೆ. ಮೇಲೇಳುವಾಗ ತಗ್ಗಿನಲ್ಲಿ ಎಂಜಿನ್ ಹೋದರೆ ವಾಪಸ್ ತಿರುಗಬೇಡ, ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಸು ಅಂತ ಕಲಿಸುವುದು ಇದಕ್ಕೇ. ಎರಡನೇ ಕಷ್ಟ ನೆಲ ಮುಟ್ಟಿದ ಮೇಲೆ. ಮೂತಿ ಅತ್ತಿತ್ತ ಹೋಗುತ್ತಿದೆ ಅನ್ನಿಸಿದಾಗ ಪೈಲಟ್ ಒಂದು ಕ್ಷಣ ಥ್ರಾಟಲ್ ಕೊಟ್ಟು, ಅಂದರೆ ಎಂಜಿನ್ ಜೋರು ಮಾಡಿ, ಪ್ರೊಪೆಲ್ಲರ್ ಗಾಳಿಯನ್ನು ರಡ್ಡರ್ ಮೇಲೆ ಊದಿಸಿ ನೆಟ್ಟಗೆ ಮಾಡಿಕೊಳ್ಳಬಹುದು. ಎಂಜಿನ್ ಇಲ್ಲದಿದ್ದರೆ ಆ ಉಪಾಯವೂ ಇಲ್ಲ.

ಪ್ರಶ್ನೆ: ಟೈಗರ್ ಮಾತ್‌ಗೆ ಬ್ರೇಕೇ ಇಲ್ಲವಂತೆ, ನಿಜವಾ?

ಉತ್ತರ: ಮೂಲ ವಿನ್ಯಾಸದಲ್ಲಿ ಇರಲಿಲ್ಲ, ಈಗಲೂ ಬಹಳಷ್ಟರಲ್ಲಿ ಇಲ್ಲ. ಬಾಲದ ಗೂಟ ಹುಲ್ಲಿನಲ್ಲಿ ಕೊರೆದುಕೊಂಡು ಹೋಗುತ್ತದೆ, ಅದೇ ಬ್ರೇಕ್. ಹುಲ್ಲಿನ ಮೈದಾನದಲ್ಲಿ ಗಾಳಿಗೆ ಎದುರಾಗಿ ಇಳಿದರೆ ಅಷ್ಟು ಸಾಕು. ಡಾಂಬರು ರನ್‌ವೇಯಲ್ಲಿ ಗೂಟ ಜಾರುತ್ತದೆ, ಅಡ್ಡಗಾಳಿ ಇದ್ದರಂತೂ ಫಜೀತಿ. ಬ್ರೇಕ್ ಇದ್ದ ಮಾತ್ರಕ್ಕೆ ಸುಖ ಅಂತಲೂ ಅಲ್ಲ. ಒಂದು ಬದಿ ಬಿಗಿ ಹಿಡಿದರೆ ಗ್ರೌಂಡ್ ಲೂಪ್, ಎರಡೂ ಬಿಗಿ ಹಿಡಿದರೆ ಮೂತಿ ನೆಲಕ್ಕೆ.

ಪ್ರಶ್ನೆ: ನನ್ನ ಮಗಳು ಕೆಲಸಕ್ಕಿರುವ ಊರಿನ ಹತ್ತಿರ ಹಳೆಯ ಬೈಪ್ಲೇನ್‌ನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತಾರಂತೆ. ಅವಳಿಗೆ ತುಂಬಾ ಆಸೆ. ಬೇಡ ಅನ್ನಲು ನನಗೆ ಮನಸ್ಸಿಲ್ಲ, ಆದರೆ ಮಗುಚಿ ಬಿದ್ದ ವಿಮಾನದ ಚಿತ್ರ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ. ಏನು ನೋಡಿಕೊಳ್ಳಬೇಕು?

ಉತ್ತರ: ಅಮ್ಮ, ಮೊದಲು ಸಮಾಧಾನದ ಮಾತು. ಈ ವಿಮಾನಗಳು ಇಳಿಯುವುದು ತುಂಬಾ ನಿಧಾನಕ್ಕೆ. ಟೈಗರ್ ಮಾತ್ ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ. ವೇಗ ಅರ್ಧವಾದರೆ ಡಿಕ್ಕಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮಗುಚಿದರೂ ಮೇಲಿನ ರೆಕ್ಕೆ ಮತ್ತು ಅದನ್ನು ಹಿಡಿದಿರುವ ಕಂಬಗಳು ಎಷ್ಟೋ ಸಲ ಭಾರ ತಡೆದುಕೊಂಡು ತಲೆಗೆ ಜಾಗ ಉಳಿಸುತ್ತವೆ. ಚಿತ್ರದಲ್ಲಿ ಭಯ ಹುಟ್ಟಿಸುವಂತೆ ಕಾಣುವ ಎಷ್ಟೋ ವಿಮಾನಗಳಿಂದ ಜನ ನಡೆದುಕೊಂಡೇ ಹೊರಗೆ ಬಂದಿದ್ದಾರೆ. ಎಲ್ಲ ಸಲವೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದಕ್ಕೇ ಕೆಲವು ವಿಷಯ ಮಗಳಿಗೆ ಹೇಳಿಕೊಡಿ.

ಬೆಲ್ಟ್ ವಿಷಯದಲ್ಲಿ ನಾಚಿಕೆ ಬೇಡ. ಭುಜದ ಪಟ್ಟಿ ಎರಡೂ ಬಿಗಿಯಾಗಿರಬೇಕು, ಅದು ಎಲ್ಲಿಗೆ ಜೋಡಿಸಿದೆ ಅಂತ ಕೇಳಬಹುದು. ಬೆಲ್ಟ್ ಬಿಚ್ಚುವುದು ಹೇಗೆ ಅಂತ ನೆಲದ ಮೇಲೇ ತಾನೇ ಮಾಡಿ ನೋಡಲಿ, ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಮಾಡಿ ನೋಡಲಿ. ವಿಮಾನ ಮಗುಚಿ ತಲೆಕೆಳಗಾಗಿ ನೇತಾಡುತ್ತಿದ್ದರೆ ಬೆಲ್ಟನ್ನು ತಕ್ಷಣ ಬಿಚ್ಚಬಾರದು. ನೇರ ತಲೆಯ ಮೇಲೆ ಬಿದ್ದು ಕುತ್ತಿಗೆಗೆ ಪೆಟ್ಟಾಗುತ್ತದೆ. ಇಳಿಯುವಾಗ ಏನೂ ಆಗದವರಿಗೂ ಇದರಿಂದ ಪೆಟ್ಟಾಗುವುದುಂಟು. ಮೊದಲು ಒಂದು ಕೈಯಿಂದ ಕೆಳಗೆ ಆಸರೆ ಕೊಟ್ಟು, ಗಲ್ಲವನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಬಿಚ್ಚಬೇಕು. ಹಾಗಂತ ಅಲ್ಲೇ ಕೂರುವಂತೆಯೂ ಇಲ್ಲ. ಟೈಗರ್ ಮಾತ್, ಸ್ಟಿಯರ್‌ಮನ್ ಎರಡರಲ್ಲೂ ಪೆಟ್ರೋಲ್ ಟ್ಯಾಂಕ್ ಇರುವುದು ಮೇಲಿನ ರೆಕ್ಕೆಯ ನಡುವೆ, ಪೈಲಟ್‌ಗಳ ತಲೆಯ ಹತ್ತಿರ. ಮಗುಚಿದಾಗ ಅದು ಕೆಳಗೆ ಬಂದು ನಜ್ಜುಗುಜ್ಜಾಗಿ ಸೋರಬಹುದು. ಪೈಲಟ್ ಸ್ವಿಚ್, ಪೆಟ್ರೋಲ್ ಎರಡನ್ನೂ ಬಂದ್ ಮಾಡುತ್ತಾರೆ, ಇವಳು ಹೊರಗೆ ಬಂದು ದೂರ ಹೋಗಬೇಕು. ಫೋನ್ ತೆಗೆದುಕೊಳ್ಳಲು ವಾಪಸ್ ಹೋಗಬಾರದು.

ಫೋನ್ ಅಂದಾಗ ನೆನಪಾಯಿತು. ಪ್ರಯಾಣಿಕರು ಕೂರುವ ಮುಂದಿನ ಸೀಟಿನಲ್ಲೂ ಸಾಮಾನ್ಯವಾಗಿ ಇನ್ನೊಂದು ಜೊತೆ ಪೆಡಲ್, ವಿಮಾನ ನಡೆಸುವ ಸ್ಟಿಕ್ ಇರುತ್ತದೆ. ಕೈಜಾರಿ ಬಿದ್ದ ಫೋನ್ ಪೆಡಲ್ ಅಡಿಯಲ್ಲಿ ಸಿಕ್ಕಿಕೊಂಡರೆ ಹಿಂದೆ ಕೂತ ಪೈಲಟ್‌ಗೆ ರಡ್ಡರ್ ತಿರುಗುವುದಿಲ್ಲ. ಅಲ್ಲಿಗೆ ಅದೂ ಒಂದು ಯಾಂತ್ರಿಕ ದೋಷವೇ ಆಗುತ್ತದೆ. ಜೇಬಿನಲ್ಲಿ ಏನೂ ಬೇಡ, ಹಾರಾಡುವ ದುಪ್ಪಟ್ಟಾ ಬೇಡ, ಇಳಿಯುವಾಗ ಕಾಲು ಪೆಡಲ್‌ನಿಂದ ಪೂರ್ತಿ ಹಿಂದೆ ಇರಲಿ.

ಇನ್ನು ನೀವು ಅಥವಾ ಅವಳು ಆ ಜನರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಗಾಳಿ ಎಷ್ಟಿದ್ದರೆ ನೀವು ಹಾರುವುದಿಲ್ಲ? ಒಂದು ನಿರ್ದಿಷ್ಟ ಅಂಕಿ ಥಟ್ಟನೆ ಬಂದರೆ ಅವರು ತಲೆ ಇಟ್ಟು ಕೆಲಸ ಮಾಡುವವರು. ‘ಅಯ್ಯೋ ಎಂಥ ಗಾಳಿಯಲ್ಲೂ ಹಾರಿಸ್ತೀವಿ’ ಅಂದರೆ ದುಡ್ಡು ವಾಪಸ್ ತಗೊಂಡು ಬನ್ನಿ. ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ ಶಟಲ್‌ವರ್ತ್ ಸಂಗ್ರಹದವರು ತಮ್ಮ ಅತಿ ಹಳೆಯ ವಿಮಾನಗಳನ್ನು ಹೊರಗೆ ತರುವುದು ಗಾಳಿ ಸತ್ತಾಗ ಮಾತ್ರ, ಅದಕ್ಕೇ ಸಂಜೆಯವರೆಗೆ ಕಾಯುವುದುಂಟು. ಜನ ಟಿಕೆಟ್ ತೆಗೆದುಕೊಂಡು ಕಾದಿದ್ದರೂ ಗಾಳಿ ಬಿದ್ದಿಲ್ಲ ಅಂದರೆ ಇಲ್ಲ. ಇಂಥವರನ್ನು ನಂಬಬಹುದು.

ಪ್ರಶ್ನೆ: ಇಷ್ಟೆಲ್ಲ ಅಪಾಯ ಇದ್ದ ಮೇಲೆ ಇವನ್ನು ಮ್ಯೂಸಿಯಂನಲ್ಲಿ ಇಟ್ಟರೆ ಸಾಲದೇ? ಸುಮ್ನೆ ಹಟಕ್ಕೆ ಹಾರಿಸುವುದು ಯಾಕೆ?

ಉತ್ತರ: ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಒಂದು ಟೈಗರ್ ಮಾತ್ ಗಾಳಿಯಲ್ಲೇ ರೆಕ್ಕೆ ಕಳಚಿ ಬಿದ್ದು ಪೈಲಟ್, ಪ್ರಯಾಣಿಕ ಇಬ್ಬರೂ ಸತ್ತರು. ಒಡಲಿಗೆ ಅಡ್ಡವಾಗಿ ಎರಡು ಕಡೆಯ ರೆಕ್ಕೆಯ ಬುಡವನ್ನು ಎಳೆದು ಹಿಡಿದಿರುವ ಟೈ ರಾಡ್ ಅಂತ ಎರಡು ಉಕ್ಕಿನ ಸರಳು ಇರುತ್ತವೆ. ಎರಡರಲ್ಲೂ ಥ್ರೆಡ್ ಇರುವ ಜಾಗದಲ್ಲಿ ಮೊದಲೇ ದಣಿವಿನ ಬಿರುಕು ಇತ್ತು ಅಂತ ಅಲ್ಲಿನ ತನಿಖೆ ಕಂಡುಕೊಂಡಿತು. ಅವು ಮೂಲ ಕಾರ್ಖಾನೆಯವಲ್ಲ, ಆಮೇಲೆ ತಯಾರಿಸಿದ ಬದಲಿ ಭಾಗಗಳು, ನಿಗದಿಪಡಿಸಿದ್ದ ಆಯಸ್ಸು ಮುಗಿಯುವ ಮೊದಲೇ ಮುರಿದಿದ್ದವು. ಅಂದರೆ ಹಳೆಯ ವಿಮಾನದಲ್ಲಿ ಕೈಕೊಟ್ಟದ್ದು ಅದರ ಅತಿ ಹಳೆಯ ಭಾಗವೇ ಆಗಿರಬೇಕು ಅಂತೇನಿಲ್ಲ. ಹೊಸದಾಗಿ ಹಾಕಿದ್ದು ಹಳೆಯದರಷ್ಟು ಗಟ್ಟಿ ಇದೆಯಾ ಅಂತ ಯಾರು ನೋಡಿದರು ಅನ್ನುವುದು ದೊಡ್ಡ ಪ್ರಶ್ನೆ.

ಆದರೂ ನಾನು ಹಾರಿಸುವವರ ಕಡೆಯವನು. ಹಾರುವ ವಿಮಾನವನ್ನು ಬಿಚ್ಚಿ ನೋಡುವವರು ಇರುತ್ತಾರೆ. ನಿಂತ ವಿಮಾನಕ್ಕೆ ಧೂಳು ಒರೆಸುವವರು ಇದ್ದರೆ ಹೆಚ್ಚು. ಉಕ್ಕಿನ ಕೊಳವೆಯ ಒಳಗೆ ತುಕ್ಕು ಹಿಡಿಯದಂತೆ ಅಗಸೆ ಎಣ್ಣೆ ಹೊಯ್ದು ಆಡಿಸಿ ಸುರಿಯುವುದು, ಬಾಲದ ತುದಿ ಯಾವಾಗಲೂ ತಗ್ಗಿನಲ್ಲಿರುವುದರಿಂದ ನೀರು ಸೇರುವ ಆ ಕೊನೆಯ ಒಂದಡಿ ಕೊಳವೆಯನ್ನು ತಟ್ಟಿ ತಟ್ಟಿ ಸದ್ದು ಕೇಳುವುದು, ರೆಕ್ಕೆಯ ತಂತಿಗಳ ಬಿಗಿ ಹೊಂದಿಸುವುದು. ಈ ತಂತಿಗಳಲ್ಲೂ ಎರಡು ಬಗೆ, ಹಾರುವಾಗ ರೆಕ್ಕೆ ಮೇಲಕ್ಕೆ ಹೋಗದಂತೆ ಹಿಡಿಯುವವು ಒಂದು, ಇಳಿದ ಮೇಲೆ ಕೆಳಕ್ಕೆ ಜೋತುಬೀಳದಂತೆ ಹಿಡಿಯುವವು ಇನ್ನೊಂದು. ಇಳಿಯುವಾಗ ಕುಕ್ಕಿದರೆ ಆ ಪೆಟ್ಟು ತಿನ್ನುವುದು ಎರಡನೆಯವು. ಇದೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುವ ವಿದ್ಯೆ. ಹಾರಾಟ ನಿಂತ ದಿನ ಅದೂ ನಿಲ್ಲುತ್ತದೆ. ಹಾರಿಸುವುದಾದರೆ ಅಲಂಕಾರಕ್ಕೆ ಖರ್ಚು ಮಾಡುವ ಮುಂಚೆ ಬಿರುಕು ಹುಡುಕಲು ಖರ್ಚು ಮಾಡಿ ಅನ್ನುವುದೊಂದೇ ನನ್ನ ಒತ್ತಾಯ. ಬಣ್ಣ ತೆಗೆದು, ಅಯಸ್ಕಾಂತದ ಪುಡಿಯ ಪರೀಕ್ಷೆ ಮಾಡಿದರೆ ಕಣ್ಣಿಗೆ ಕಾಣದ ಬಿರುಕೂ ಗೆರೆಯಾಗಿ ಎದ್ದು ತೋರುತ್ತದೆ. ಚಕ್ರದ ಅಚ್ಚಿಗೆ ಇದನ್ನು ಮಾಡದೆ ಜನರನ್ನು ಹತ್ತಿಸಿಕೊಳ್ಳುವುದು ಸರಿಯಲ್ಲ.

ಪ್ರಶ್ನೆ: ಮಗುಚಿ ಬಿದ್ದ ವಿಮಾನ ಮತ್ತೆ ಹಾರುತ್ತದಾ?

ಉತ್ತರ: ಬಹಳಷ್ಟು ಸಲ ಹಾರುತ್ತದೆ. ರೆಕ್ಕೆ ಮರದ್ದು, ಮೇಲೆ ಬಟ್ಟೆ. ಎರಡನ್ನೂ ಹೊಸದಾಗಿ ಮಾಡಬಹುದು. ಕಷ್ಟ ಎಂಜಿನ್‌ನದು. ತಿರುಗುತ್ತಿರುವಾಗ ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಪೂರ್ತಿ ಬಿಚ್ಚಿ ಕ್ರ್ಯಾಂಕ್ ಶಾಫ್ಟ್ ಪರೀಕ್ಷೆ ಮಾಡಲೇಬೇಕು. ಮರದ ಪ್ರೊಪೆಲ್ಲರ್ ತಾನು ಚೂರಾಗಿ ಶಾಫ್ಟಿಗೆ ಹೋಗುವ ಪೆಟ್ಟನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಲೋಹದ್ದಾದರೆ ಪೆಟ್ಟು ಜಾಸ್ತಿ. ಮುರಿದ ಕಡೆಯ ಕಾಲನ್ನು ಮಾತ್ರ ಬದಲಾಯಿಸಿ ಸುಮ್ಮನಾಗಬಾರದು. ಅಷ್ಟೇ ವಯಸ್ಸಿನ, ಅಷ್ಟೇ ಸಲ ನೆಲ ಕುಕ್ಕಿದ ಇನ್ನೊಂದು ಕಾಲು ಪಕ್ಕದಲ್ಲೇ ಇದೆ, ಅದನ್ನೂ ಬಿಚ್ಚಿ ನೋಡಬೇಕು. ಎಲ್ಲ ಸೇರಿ ವರ್ಷಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ.